ತೊಂಬತ್ತು ಗ್ರಾಂ ಸೀಸ

ಬಸ್ ನಿಲ್ದಾಣದ ಹಿಂದಿನ ಟೈರಿನ ಅಂಗಡಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಬ್ಯಾಲೆನ್ಸು ಅಂದರೆ ತಿರುಗಿ ನೋಡುತ್ತಾನೆ. ಇಪ್ಪತ್ತೊಂಬತ್ತು ವರ್ಷದಿಂದ ಅವನದು ಒಂದೇ ಕೆಲಸ. ಕಾರಿನ ಚಕ್ರವನ್ನು ಯಂತ್ರಕ್ಕೆ ಏರಿಸಿ ಗಿರ್ರೆಂದು ತಿರುಗಿಸುವುದು, ಅದು ಎಲ್ಲಿ ಹೊಯ್ದಾಡುತ್ತದೆಂದು ನೋಡುವುದು, ಅದರ ಎದುರು ಅಂಚಿಗೆ ಐದು ಗ್ರಾಮೋ ಹತ್ತು ಗ್ರಾಮೋ ಸೀಸದ ತುಂಡು ಅಂಟಿಸಿ ಮತ್ತೆ ತಿರುಗಿಸುವುದು. ಯಂತ್ರ ಸೊನ್ನೆ ತೋರಿಸುವ ತನಕ ಚಕ್ರವನ್ನು ಕೆಳಗಿಳಿಸುವವನಲ್ಲ. ಅಷ್ಟೆಲ್ಲ ಆಗಿ ಅವನ ಸ್ವಂತ ಸ್ಕೂಟರಿನ ಮುಂದಿನ ಚಕ್ರ ಮಾತ್ರ ಕುಡುಕನ ಹಾಗೆ ತೂರಾಡುತ್ತದೆ. ಕೇಳಿದವರಿಗೆ, "ಅದು ನನ್ನ ಮಾತು ಕೇಳಲ್ಲ, ಮನೆಯವರ ಥರ" ಅನ್ನುತ್ತಾನೆ.

ಮನೆಯವರೆಂದರೆ ಹೆಂಡತಿ ಮತ್ತು ಅಕ್ಕ. ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಅಕ್ಕ ಬೇಸ್ ಗಿಟಾರು ನುಡಿಸುತ್ತಾಳೆ.

ಅಕ್ಕನಿಗೆ ಅರವತ್ನಾಲ್ಕು. ಇಪ್ಪತ್ತೆರಡನೇ ವಯಸ್ಸಿನಿಂದ ಒಂದೇ ವಾದ್ಯಗೋಷ್ಠಿಯಲ್ಲಿ ಇದ್ದವಳು. ಮದುವೆ, ಬೀಳ್ಕೊಡುಗೆ, ಸಂಘಗಳ ವಾರ್ಷಿಕ ಸಭೆ, ಎಲ್ಲಿ ಕರೆದರೂ ಹೋಗಿ ವೇದಿಕೆಯ ಹಿಂದಿನ ಸಾಲಿನಲ್ಲಿ ನಿಂತು ಆ ನಾಲ್ಕು ದಪ್ಪ ತಂತಿಯ ಗಿಟಾರನ್ನು ಮೀಟಿದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಪ್ರತಿ ವಾರ ಒಂದೊಂದು ಮದುವೆ ಊಟ ಮಾಡಿದ್ದೀನಿ, ಸಾಲದಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಬೇಸ್ ನುಡಿಸುವವರ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಅದೇ ಅವಳ ಗರ್ವ. "ನಾನು ನುಡಿಸ್ತಿರೋವಾಗ ಯಾರಿಗೂ ಕೇಳಲ್ಲ ಕಣೋ. ಒಂದು ಸಲ ನಿಲ್ಲಿಸಿ ನೋಡು, ಇಡೀ ಸಭೆ ತಲೆ ಎತ್ತುತ್ತೆ, ನೆಲ ಎಲ್ಲಿ ಹೋಯ್ತು ಅಂತ."

ಬ್ಯಾಲೆನ್ಸು ಮೊದಲು ಲೇತ್ ಕಾರ್ಖಾನೆಯಲ್ಲಿದ್ದ. ಮುಷ್ಕರ ನಲವತ್ತೊಂದು ದಿನ ನಡೆಯಿತು. ಮೂವತ್ತನೇ ದಿನದ ಹೊತ್ತಿಗೆ ಗೇಟಿನ ಮುಂದೆ ಕೂತವರ ಗಂಟಲು ಬಿದ್ದುಹೋಗಿ, ಘೋಷಣೆ ಅನ್ನುವುದು ಕಪ್ಪೆಗಳ ವಟವಟದಂತೆ ಕೇಳುತ್ತಿತ್ತು. ಆಗ ಅಕ್ಕ ಆಟೋದಲ್ಲಿ ಸ್ಪೀಕರು ಹೇರಿಕೊಂಡು ಬಂದಳು. ಎದುರಿನ ಸೈಕಲ್ ಅಂಗಡಿಯಿಂದ ಕರೆಂಟು ಎಳೆದು, ಒಬ್ಬಳೇ ನಿಂತು ನುಡಿಸತೊಡಗಿದಳು. ಹಾಡಿಲ್ಲ, ಡೋಲಿಲ್ಲ, ಬರೀ ಬೇಸು. ಗೇಟಿನ ತಗಡು ಗಡಗಡ ನಡುಗಿತು. ಒಳಗೆ ಕೂತಿದ್ದ ಮ್ಯಾನೇಜರ ಹೊರಗೆ ಬಂದು ನೋಡಿದ. ಅವನು ಬಂದು ನೋಡಿದ್ದು ಅದೊಂದೇ ಸಲ. ಕಾರ್ಖಾನೆ ಕೊನೆಗೂ ಮುಚ್ಚಿತು, ಅದು ಬೇರೆ ಮಾತು. ಆದರೆ ಬ್ಯಾಲೆನ್ಸಿನ ತಲೆಯಲ್ಲಿ ಆ ತಗಡಿನ ನಡುಕ ಹಾಗೇ ಉಳಿದುಬಿಟ್ಟಿದೆ.

ಹೋದ ವರ್ಷ ಅಕ್ಕ ಬಚ್ಚಲಲ್ಲಿ ಬಿದ್ದಳು. ಜಾರಿದಳು ಎಂದುಕೊಂಡರು. ಜಾರಿದ್ದಲ್ಲ, ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಎಡಗೈ ಎಡಗಾಲು ಮಾತು ಕೇಳಲಿಲ್ಲ. ಏಳು ತಿಂಗಳು ಸ್ಪಂಜಿನ ಚೆಂಡು ಹಿಸುಕಿ, ಗೋಡೆಗೆ ಬೆರಳು ಹತ್ತಿಸಿ ಇಳಿಸಿ, ಬೆನ್ನು ಬಿಡದೆ ಹಿಂದೆ ಬಿದ್ದ ಬ್ಯಾಲೆನ್ಸಿನ ಹೆಂಡತಿಯಿಂದ ದಿನಾ ಬೈಸಿಕೊಂಡು, ಬೆರಳುಗಳನ್ನು ಅರ್ಧಕ್ಕರ್ಧ ವಾಪಸು ತಂದುಕೊಂಡಳು. ತಂತಿ ಒತ್ತುವಷ್ಟು ಬಲ ಬಂತು. ಮೊಣಕೈ ಮಾತ್ರ ಪೂರ್ತಿ ಬರಲಿಲ್ಲ. ಗಿಟಾರಿನ ಕತ್ತಿನ ತುದಿಯಿಂದ ಏಳು ಮನೆಗಳ ತನಕ ಕೈ ಆಡುತ್ತದೆ. ಅಲ್ಲಿಂದಾಚೆಗೆ ಹೋದರೆ ತಾಳಕ್ಕೆ ಸರಿಯಾಗಿ ಹಿಂದಿರುಗುವುದಿಲ್ಲ. ಮನೆ ಎನ್ನುವುದು ಅಕ್ಕನ ಮಾತು. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿರುವ ಲೋಹದ ಪಟ್ಟಿಗಳ ನಡುವಿನ ಒಂದೊಂದು ಜಾಗ ಒಂದೊಂದು ಮನೆ, ಒಂದೊಂದು ಸ್ವರ.

ಬುಧವಾರ ವಾದ್ಯಗೋಷ್ಠಿಯ ಮೇಷ್ಟ್ರ ಫೋನು ಬಂತು. ಈ ಮೇಷ್ಟ್ರು ಹಳೇ ಮೇಷ್ಟ್ರ ಮಗ. ಅಕ್ಕನ ತೊಡೆಯ ಮೇಲೆ ಕೂತು ಗಿಟಾರಿನ ಬಿರಡೆ ತಿರುವಿ ಬೈಸಿಕೊಂಡವನು.

"ಅಕ್ಕಾ, ಭಾನುವಾರ ಬೆಳಿಗ್ಗೆ ಪ್ರಾಕ್ಟೀಸ್ ಹಾಲ್‌ಗೆ ಬನ್ನಿ. ಒಂದೆರಡು ಹಾಡು ಹಾಕಿ ನೋಡೋಣ. ಆಮೇಲೆ ಹೇಳ್ತೀನಿ."

ಫೋನಿಟ್ಟು ಅಕ್ಕ ತಮ್ಮನ ಕಡೆ ತಿರುಗಿದಳು. "ನೋಡೋಣ ಅಂತಾನೆ ನೋಡೋ. ನಲವತ್ತೆರಡು ವರ್ಷ ಆಯ್ತು, ಈಗ ನೋಡ್ತಾನಂತೆ."

"ನೀನು ಚೆನ್ನಾಗೇ ನುಡಿಸ್ತೀಯಲ್ಲಕ್ಕ."

"ನಾನು ನುಡಿಸ್ತೀನಿ. ಇದು ನುಡಿಬೇಕಲ್ಲ." ಅಕ್ಕ ಗಿಟಾರು ಎತ್ತಿಕೊಂಡು ಎಲ್ಲಕ್ಕಿಂತ ಸಣ್ಣ ತಂತಿಯನ್ನು ಐದನೇ ಮನೆಯಲ್ಲಿ ಒತ್ತಿ ಮೀಟಿದಳು. ಟಪ್. ಒದ್ದೆ ಬಟ್ಟೆ ನೆಲಕ್ಕೆ ಬಿದ್ದ ಹಾಗೆ. ಪಕ್ಕದ ನಾಲ್ಕನೇ ಮನೆ ಮೀಟಿದಳು. ಸ್ವರ ಹೊರಟು, ಕೋಣೆಯನ್ನೆಲ್ಲ ಸುತ್ತಿ, ನಿಧಾನಕ್ಕೆ ಆರಿತು. ಆರನೇ ಮನೆಯೂ ಹಾಗೆಯೇ. ಮತ್ತೆ ಐದು. ಟಪ್.

"ಇದೇನಿದು, ಇದು ಯಾವಾಗಿಂದ?"

"ಕೊಂಡ ದಿನದಿಂದ. ಇಲ್ಲಿ ಇದು ಸತ್ತ ಜಾಗ."

ಬ್ಯಾಲೆನ್ಸು ಬಾಯಿ ಬಿಟ್ಟ. ಮೂವತ್ತೈದು ವರ್ಷ ಒಂದೇ ಸೂರಿನಡಿ ಅದೇ ಗಿಟಾರು ಕೇಳಿದ್ದಾನೆ, ಇಂಥದೊಂದು ಹೆಣ ಅದರೊಳಗಿದೆ ಎಂದು ಅವನಿಗೆ ತಿಳಿದೇ ಇರಲಿಲ್ಲ. ಅಕ್ಕ ಬಿಡಿಸಿ ಹೇಳಿದಳು. ಅದೇ ಸ್ವರ ಪಕ್ಕದ ತಂತಿಯ ಹತ್ತನೇ ಮನೆಯಲ್ಲೂ ಸಿಗುತ್ತದೆ. ಮೂವತ್ತೈದು ವರ್ಷ ಅವಳು ಆ ಸ್ವರ ಬೇಕಾದಾಗಲೆಲ್ಲ ಕೈಯನ್ನು ಹತ್ತನೇ ಮನೆಗೆ ಓಡಿಸಿ, ನುಡಿಸಿ, ವಾಪಸು ಓಡಿಬಂದಿದ್ದಳು. ಈಗ ಮೊಣಕೈ ಓಡುವುದಿಲ್ಲ. ಅವರ ಗೋಷ್ಠಿಯ ಅರ್ಧಕ್ಕರ್ಧ ಹಾಡು ನಿಲ್ಲುವುದೇ ಆ ಸ್ವರದ ಮೇಲೆ. ಗಾಯಕಿ ಕೊನೆಯ ಸಾಲನ್ನು ಎಳೆದು ಬಿಟ್ಟಾಗ ಕೆಳಗೆ ಒಂದು ದಪ್ಪ ಸ್ವರ ಎಂಟು ಎಣಿಸುವ ತನಕ ನಿಂತಿರಬೇಕು. ನಿಲ್ಲದಿದ್ದರೆ ಮೇಷ್ಟ್ರು ಅದನ್ನು ಗಿಟಾರಿನ ತಪ್ಪು ಅನ್ನುವುದಿಲ್ಲ. ಕೈಯ ತಪ್ಪು ಅನ್ನುತ್ತಾನೆ.

"ನಾಳೆ ಗುರುವಾರ, ನನಗೆ ರಜ" ಎಂದ ಬ್ಯಾಲೆನ್ಸು. "ಕೊಡು ಇಲ್ಲಿ. ಸರಿ ಮಾಡ್ತೀನಿ."

ಗುರುವಾರ ತಿಂಡಿ ತಿಂದವನೇ ಊಟದ ಮೇಜಿನ ಮೇಲೆ ಹಳೇ ಹೊದಿಕೆ ಹಾಸಿ ಗಿಟಾರನ್ನು ಮಲಗಿಸಿದ. ಮೊದಲು ಅವನ ಅನುಮಾನ ಹೋದದ್ದು ಐದನೇ ಮನೆಯ ಲೋಹದ ಪಟ್ಟಿಯ ಮೇಲೆ. ಕಣ್ಣಿನ ನೇರಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಆ ತುದಿಯಿಂದ ಈ ತುದಿಗೆ ನೋಡಿ, ಅರ ತಂದ.

"ಲೋ! ಅರ ಇಡೋ ಕೆಳಗೆ!" ಅಕ್ಕ ಕುಂಟುತ್ತ ಬಂದು ಅವನ ಕೈ ಮೇಲೆ ಹೊಡೆದಳು. "ಉಜ್ಜಿದರೆ ಮತ್ತೆ ಬೆಳೆಯುತ್ತಾ ಅದು? ಉಗುರಾ?"

ಅರ ಹೋಯಿತು, ಸ್ಪ್ಯಾನರು ಬಂತು. ಕತ್ತನ್ನು ಮೈಗೆ ಕೂಡಿಸಿದ ನಾಲ್ಕು ಸ್ಕ್ರೂ ಬಿಗಿ ಮಾಡಿದ. ಟಪ್. ಕತ್ತಿನೊಳಗಿನ ಕಬ್ಬಿಣದ ಸರಳನ್ನು ಕಾಲು ಸುತ್ತು ಬಿಗಿದ, ಕಾಲು ಸುತ್ತು ಸಡಿಲಿಸಿದ. ಟಪ್. ತಂತಿ ಬದಲಾಯಿಸಿದ. ಹೊಸ ತಂತಿಯ ಹೊಳಪಿನಲ್ಲಿ ಉಳಿದ ಮನೆಗಳೆಲ್ಲ ಇನ್ನಷ್ಟು ಜೋರಾಗಿ ನುಡಿದವು. ಐದನೆಯದು ಅವುಗಳ ನಡುವೆ ಇನ್ನಷ್ಟು ಸತ್ತಂತೆ ಕಂಡಿತು.

"ರೀ, ಮೇಜು ಬಿಡ್ತೀರಾ ಇಲ್ಲವಾ? ಊಟಕ್ಕೆ ಹಾಕಬೇಕು" ಎಂದಳು ಹೆಂಡತಿ.

"ನೆಲದ ಮೇಲೆ ಹಾಕು."

"ಅತ್ತಿಗೆ ನೆಲದ ಮೇಲೆ ಕೂತರೆ ಏಳಿಸೋದು ನೀವಾ?"

ಕೊನೆಗೆ ಫೋನಿನಲ್ಲಿ ಗಿಟಾರು ರಿಪೇರಿಯವನನ್ನು ಹಿಡಿದ. ಅವನು ಪೂರ್ತಿ ಕೇಳಿಸಿಕೊಂಡು ಆಕಳಿಸಿದ. "ಅದು ಕೆಟ್ಟಿರೋದಲ್ಲ ಯಜಮಾನರೇ, ಕತ್ತಿನ ಗುಣ. ತಂತಿ ನಡುಗುತ್ತೆ ನೋಡಿ, ಆ ಮರಾನೂ ಒಂದು ಲೆಕ್ಕದಲ್ಲಿ ನಡುಗುತ್ತೆ. ಎರಡೂ ಒಂದೇ ಕಡೆ ಕೂಡಿದರೆ ಮರ ತಂತಿಯ ಜೀವ ಹೀರಿಬಿಡುತ್ತೆ. ಅದನ್ನ ತೆಗೆಯೋಕಾಗಲ್ಲ. ತೂಕ ಹಾಕಿದರೆ ಜಾಗ ಬದಲಾಯಿಸಬಹುದು, ಅಷ್ಟೇ."

ಬ್ಯಾಲೆನ್ಸಿಗೆ ಸಿಟ್ಟು ನೆತ್ತಿಗೇರಿತು. ಕಾರ್ಖಾನೆಯಾಗಿದ್ದರೆ ಗೇಟಿನ ಮುಂದೆ ಕೂತು ಧಿಕ್ಕಾರ ಕೂಗಬಹುದಿತ್ತು. ಮರದ ತುಂಡಿಗೆ ಯಾವ ಮನವಿ ಕೊಡುವುದು, ಯಾರನ್ನು ಘೇರಾವ್ ಮಾಡುವುದು? ಅರ್ಧ ತಾಸು ಕೈ ಚೆಲ್ಲಿ ಕೂತ. ಆಮೇಲೆ ರಿಪೇರಿಯವನ ಮಾತಿನಲ್ಲಿ ಒಂದು ಶಬ್ದ ಅವನ ತಲೆಗೆ ಬಂದು ಕೂತಿತು. ತೂಕ. ನಡುಗುವುದಕ್ಕೆ ತೂಕ ಹಾಕುವುದು! ಇಪ್ಪತ್ತೊಂಬತ್ತು ವರ್ಷದಿಂದ ಇನ್ನೇನು ಮಾಡಿದ್ದಾನೆ ಅವನು?

ಸ್ಕೂಟರು ಹತ್ತಿ ಅಂಗಡಿಗೆ ಹೋಗಿ, ಸೀಸದ ತುಂಡುಗಳ ಪಟ್ಟಿಯೊಂದನ್ನು ಜೇಬಿಗೆ ಹಾಕಿಕೊಂಡು ಬಂದ. ಹಿಂದೆ ಗೋಂದಿನ ಕಾಗದವಿರುವ ಐದೈದು ಗ್ರಾಮಿನ ತುಂಡುಗಳು. ಬಿರಡೆಗಳಿರುವ ಗಿಟಾರಿನ ತಲೆಯ ಹಿಂಬದಿಗೆ ಒಂದು ಅಂಟಿಸಿದ.

"ಮೀಟು."

ಟಪ್.

ಇನ್ನೊಂದು. ಮತ್ತೊಂದು. ಮೂವತ್ತು ಗ್ರಾಂ ಆದಾಗಲೂ ಟಪ್. ಅಕ್ಕ ಮೀಟುತ್ತಿದ್ದಳು, ಅವನು ಚಕ್ರದ ಮುಂದೆ ನಿಂತವನಂತೆ ಉಸಿರು ಹಿಡಿದು ಕೇಳುತ್ತಿದ್ದ. ಅರವತ್ತಕ್ಕೆ ಬಂದಾಗ ಐದನೇ ಮನೆ ಸ್ವಲ್ಪ ನರಳಿತು. ಆದರೆ ನಾಲ್ಕನೆಯದೂ ನರಳತೊಡಗಿತು. ಎರಡೂ ಅರೆಜೀವ. ಎಪ್ಪತ್ತೈದು. ಐದನೆಯದು ಎದ್ದು ಕೂತಿತು. ತೊಂಬತ್ತಕ್ಕೆ ಬರುವಷ್ಟರಲ್ಲಿ ಐದನೇ ಮನೆಯ ಸ್ವರ ಹೊರಟಿತು ನೋಡಿ, ಕಿಟಕಿಯ ಗಾಜು ಗುಂಯ್ ಎಂದಿತು, ಮೇಜಿನ ಮೇಲಿನ ಲೋಟದ ನೀರಲ್ಲಿ ಸುಕ್ಕು ಮೂಡಿತು. ಅಕ್ಕ ಎಂಟು ಎಣಿಸಿದಳು, ಹನ್ನೆರಡು ಎಣಿಸಿದಳು, ಸ್ವರ ಇನ್ನೂ ನಿಂತೇ ಇತ್ತು.

"ಸೊನ್ನೆ!" ಎಂದು ಕೂಗಿದ ಬ್ಯಾಲೆನ್ಸು.

ಅಕ್ಕ ನಾಲ್ಕನೇ ಮನೆ ಮೀಟಿದಳು. ಟಪ್.

"ಹೆಣ ಪಕ್ಕದ ಮನೆಗೆ ಹೋಯ್ತು" ಎಂದಳು.

ಚಕ್ರದಲ್ಲಿ ಹೀಗಾಗುವುದಿಲ್ಲ. ಚಕ್ರದಲ್ಲಿ ತೂಕ ಹಾಕಿದರೆ ಹೊಯ್ದಾಟ ಸಾಯುತ್ತದೆ. ಇಲ್ಲಿ ಸಾವಿಗೇ ಕಾಲು ಬಂದಿತ್ತು. ಬ್ಯಾಲೆನ್ಸಿನ ಮುಖ ಹುಳ್ಳಗಾಯಿತು. ಆದರೂ ಅವನು ಸೋಲೊಪ್ಪುವ ಜಾತಿಯವನಲ್ಲ.

"ನಾಲ್ಕನೇ ಮನೆ ಮೇಲೆ ನಿಲ್ಲೋ ಹಾಡು ಇದೆಯಾ ನಿಮ್ಮ ಹತ್ರ?"

ಅಕ್ಕ ಕಣ್ಣು ಮುಚ್ಚಿಕೊಂಡು ನಲವತ್ತೆರಡು ವರ್ಷದ ಹಾಡುಗಳನ್ನೆಲ್ಲ ಒಂದೊಂದಾಗಿ ಬೆರಳಲ್ಲಿ ಆಡಿಸಿದಳು. "ಇಲ್ಲ. ದಾಟಿಕೊಂಡು ಹೋಗ್ತೀವಿ, ನಿಲ್ಲೋದಿಲ್ಲ."

"ಹಾಗಾದ್ರೆ ಅಲ್ಲೇ ಸಾಯಲಿ ಬಿಡು."

"ಅಷ್ಟೇ ಮತ್ತೆ. ಯಾರೂ ಹೋಗದ ಮನೇಲಿ ಬಿದ್ದಿರಲಿ." ಅಕ್ಕ ನಕ್ಕಳು. ಬಿದ್ದಾಗಿನಿಂದ ಅವಳು ಹಾಗೆ ನಕ್ಕಿರಲಿಲ್ಲ. ಅವಳ ಬಾಯಿಯ ಎಡಭಾಗ ಬಲಭಾಗಕ್ಕಿಂತ ತುಸು ತಡವಾಗಿ ನಗುತ್ತದೆ. ಹೆಂಡತಿ ಬಾಗಿಲಲ್ಲಿ ನಿಂತು, "ಅತ್ತಿಗೆ, ನಿಮ್ಮ ತಮ್ಮ ಕೊನೆಗೂ ಒಂದು ಕೆಲಸ ಮುಗಿಸಿದರು. ಇನ್ನಾದರೂ ಮೇಜು ಸಿಗುತ್ತಾ?" ಎಂದಳು.

ಶುಕ್ರವಾರ, ಶನಿವಾರ ಅಕ್ಕ ಒಂದೇ ಹಾಡನ್ನು ಎಷ್ಟು ಸಲ ನುಡಿಸಿದಳೆಂದರೆ ಮೇಲಿನ ಮಹಡಿಯವರು ನೆಲ ಗುದ್ದುವುದನ್ನೇ ಬಿಟ್ಟರು. ಗಿಟಾರಿನ ತಲೆ ಭಾರವಾಗಿ ಕೆಳಕ್ಕೆ ಜಗ್ಗುತ್ತಿತ್ತು. ಎಡಗೈ ಅದನ್ನೂ ಎತ್ತಿ ಹಿಡಿಯಬೇಕಿತ್ತು. ಹಿಡಿದಳು.

ಭಾನುವಾರ ಹತ್ತು ಗಂಟೆಗೆ ಹಾಲ್ ತಲುಪಿದರು. ಉದ್ದನೆಯ ಕೋಣೆ, ಗೋಡೆಗೆ ಒರಗಿಸಿಟ್ಟ ಮಡಿಸುವ ಕುರ್ಚಿಗಳು, ನಿಂತ ಫ್ಯಾನುಗಳು. ಗಾಯಕಿ ಬಿಸಿನೀರು ಕುಡಿಯುತ್ತ ಕೂತಿದ್ದಳು. ಕೀಬೋರ್ಡಿನವನು, ಡ್ರಮ್ಮಿನವನು ಎದ್ದು ಬಂದು ಅಕ್ಕನ ಕೈ ಹಿಡಿದು ಮಾತಾಡಿಸಿದರು. ಎಲ್ಲರೂ ರೋಗಿಯ ಹತ್ತಿರ ಮಾತಾಡುವ ದನಿಯಲ್ಲೇ ಮಾತಾಡಿದರು. ಬ್ಯಾಲೆನ್ಸು ಒಂದು ಕುರ್ಚಿ ಬಿಡಿಸಿಕೊಂಡು ಕೂತ. ಅಕ್ಕ ಗಿಟಾರು ತಗುಲಿಸಿಕೊಂಡು ಶ್ರುತಿ ನೋಡಿದಳು. ಐದನೇ ಮನೆ ಒಮ್ಮೆ ಮೀಟಿ ತಮ್ಮನ ಕಡೆ ನೋಡಿದಳು. ಸ್ವರ ಹಾಲ್‌ನ ಆ ತುದಿಗೆ ಹೋಗಿ ಬಂತು. ಅವನು ಹೆಬ್ಬೆರಳು ಎತ್ತಿ ತೋರಿಸಿದ.

ಮೇಷ್ಟ್ರು ಕೈಗಡಿಯಾರ ನೋಡಿಕೊಂಡ. "ಸರಿ, ಶುರು ಮಾಡೋಣ. ಹಾಂ, ಅಕ್ಕಾ, ಹೇಳೋದು ಮರೆತೆ. ಹಾಡೋ ಇವರಿಗೆ ಈಗ ಗಂಟಲು ಮೇಲೆ ಹೋಗ್ತಿಲ್ಲ. ಎರಡು ತಿಂಗಳಿಂದ ಎಲ್ಲಾ ಹಾಡೂ ಒಂದು ಮನೆ ಕೆಳಗೆ ನುಡಿಸ್ತಿದ್ದೀವಿ. ನಿಮಗೇನು, ಕೈ ಒಂದು ಮನೆ ಹಿಂದಕ್ಕೆ, ಅಷ್ಟೇ ತಾನೆ?"

ಬ್ಯಾಲೆನ್ಸು ಬೆರಳಲ್ಲಿ ಲೆಕ್ಕ ಹಾಕಿದ. ಒಂದು ಮನೆ ಕೆಳಗೆ ಅಂದರೆ ಐದನೇ ಮನೆಯದು ನಾಲ್ಕನೇ ಮನೆಗೆ. ತಾನೇ ಎಣಿಸಿ ಎಣಿಸಿ, ತೊಂಬತ್ತು ಗ್ರಾಂ ಹೇರಿ, ಹೆಣವನ್ನು ತಂದು ಮಲಗಿಸಿದ ಜಾಗಕ್ಕೆ. ಏನೂ ಮಾಡದೆ ಸುಮ್ಮನಿದ್ದಿದ್ದರೆ ಇವತ್ತು ನಾಲ್ಕನೇ ಮನೆ ಗಂಟೆಯಂತೆ ನುಡಿಯುತ್ತಿತ್ತು.

ಅಕ್ಕ ಅವನ ಕಡೆ ನೋಡಿದಳು. ಅವಳಿಗೂ ತಿಳಿದಿತ್ತು.

ಅವನು ಎದ್ದ. "ಮೇಷ್ಟ್ರೇ, ಎರಡು ನಿಮಿಷ. ಗಿಟಾರಲ್ಲಿ ಒಂಚೂರು ತೆಗಿಯೋದಿದೆ…"

"ಆಮೇಲೆ ನೋಡೋಣ ಇವರೇ, ಕೂತ್ಕೊಳ್ಳಿ. ಹನ್ನೊಂದಕ್ಕೆ ಈ ಹಾಲ್ ಖಾಲಿ ಮಾಡಬೇಕು." ಕೈ ಎತ್ತಿದ. "ಒನ್, ಟೂ…"

ಹಾಡು ಹೊರಟೇಬಿಟ್ಟಿತು. ಬ್ಯಾಲೆನ್ಸು ಎದ್ದವನು ಹಾಗೇ ನಿಂತ. ಅಕ್ಕ ನುಡಿಸುತ್ತಿದ್ದಳು. ಬೆರಳು ತಪ್ಪಲಿಲ್ಲ, ತಾಳ ತಪ್ಪಲಿಲ್ಲ. ಮೊದಲ ಚರಣ ಆಯಿತು, ಎರಡನೆಯದೂ ಆಯಿತು. ಗಾಯಕಿ ಕೊನೆಯ ಸಾಲು ಎಳೆದಳು. ಅಕ್ಕನ ಬೆರಳು ನಾಲ್ಕನೇ ಮನೆಯ ಮೇಲೆ ಇಳಿಯಿತು.

ಟಪ್.

ಬ್ಯಾಲೆನ್ಸು ಕಣ್ಣು ಮುಚ್ಚಿಕೊಂಡ. ಈಗ ತಲೆ ಎತ್ತುತ್ತಾರೆ. ಈಗ ನೆಲ ಎಲ್ಲಿ ಹೋಯಿತು ಎಂದು ನೋಡುತ್ತಾರೆ. ಒಂದು, ಎರಡು, ಮೂರು…

ನೆಲ ಎಲ್ಲಿಗೂ ಹೋಗಿರಲಿಲ್ಲ. ದಪ್ಪ ಸ್ವರ ಎಂಟರ ತನಕ ಗುಂಯ್ ಎಂದು ನಿಂತೇ ಇತ್ತು. ಕಣ್ಣು ಬಿಟ್ಟು ನೋಡಿದ. ಅಕ್ಕನ ತಂತಿ ಯಾವಾಗಲೋ ಸುಮ್ಮನಾಗಿತ್ತು. ಕೀಬೋರ್ಡಿನವನ ಎಡಗೈಯ ಕಿರುಬೆರಳು ಒಂದು ಕೀಲಿಯ ಮೇಲೆ ನಿರಾಳವಾಗಿ ಒರಗಿಕೊಂಡಿತ್ತು. ಅದು ಅಲ್ಲೇ ಶುರುವಾದದ್ದಲ್ಲ. ಬ್ಯಾಲೆನ್ಸಿಗೆ ಈಗ ಹೊಳೆಯಿತು: ಮೊದಲ ಸಾಲಿನಿಂದಲೂ ಆ ಎಡಗೈ ಅಕ್ಕನ ಪ್ರತಿ ಸ್ವರವನ್ನೂ ಅವಳ ಜೊತೆಜೊತೆಗೆ ನುಡಿಸುತ್ತಿತ್ತು. ಕೇಡಿಗಲ್ಲ. ಅಕ್ಕ ಇಲ್ಲದ ಒಂದು ವರ್ಷದಿಂದ ಆ ಕೈಗೆ ಅದೇ ರೂಢಿಯಾಗಿತ್ತು.

ಯಾರೂ ತಲೆ ಎತ್ತಲಿಲ್ಲ. ಡ್ರಮ್ಮಿನವನು ಕೋಲಿನ ತುದಿಯಿಂದ ಬೆನ್ನು ಕೆರೆದುಕೊಂಡ.

ಬ್ಯಾಲೆನ್ಸು ದಾಪುಗಾಲಿಟ್ಟು ಅಕ್ಕನ ಹತ್ತಿರ ಹೋಗಿ ಗಿಟಾರಿನ ತಲೆಯ ಹಿಂದಕ್ಕೆ ಉಗುರು ಹಾಕಿದ. ಚಕ್ರದಿಂದ ಹಳೇ ಸೀಸ ಕೀಳುವ ಕೈ ಅದು. ಹದಿನೆಂಟು ತುಂಡು ಚರಚರನೆ ಕಿತ್ತು ಜೇಬಿಗೆ ಹಾಕಿಕೊಂಡ. ಉಗುರಿನ ಸಂದಿಯಲ್ಲಿ ರಕ್ತ ಬಂತು. "ಮೇಷ್ಟ್ರೇ, ಇನ್ನೊಂದು ಸಲ. ಒಂದೇ ಒಂದು ಸಲ. ನಿಮ್ಮ ದಮ್ಮಯ್ಯ."

ಮೇಷ್ಟ್ರು ಗಡಿಯಾರ ನೋಡಿ, ಗಾಯಕಿಯನ್ನು ನೋಡಿ, ಕೈ ಎತ್ತಿದ.

ಈ ಸಲ ನಾಲ್ಕನೇ ಮನೆ ನುಡಿಯಿತು. ತಗಡಿನ ಗೇಟಿದ್ದಿದ್ದರೆ ನಡುಗುತ್ತಿತ್ತು. ಎಂಟು ಎಣಿಸುವ ತನಕ ಅಲ್ಲ, ಮೇಷ್ಟ್ರು ಕೈ ಇಳಿಸಿದ ಮೇಲೂ ಅದು ನಿಂತಿತ್ತು. ಅಕ್ಕನೇ ಅಂಗೈ ಇಟ್ಟು ನಿಲ್ಲಿಸಬೇಕಾಯಿತು. ಕೀಬೋರ್ಡಿನವನ ಕಿರುಬೆರಳೂ ಅಲ್ಲೇ ಇತ್ತು, ಮೊದಲ ಸಲದಂತೆಯೇ.

"ತುಂಬ ಚೆನ್ನಾಗಿತ್ತು ಅಕ್ಕಾ" ಎಂದ ಮೇಷ್ಟ್ರು. ಮನಸಾರೆಯೇ ಅಂದ. "ಎರಡು ಸಲವೂ ಚೆನ್ನಾಗಿತ್ತು."

ಅಕ್ಕ ಹೆಗಲಿನ ಪಟ್ಟಿ ಬಿಚ್ಚಿದಳು. "ಎರಡು ಸಲವೂ?"

"ಹೂಂ. ನಿಮ್ಮ ಕೈ ಬಗ್ಗೆ ಏನು ಹೇಳೋದು. ನಾನು ಫೋನ್ ಮಾಡ್ತೀನಿ, ಆಯ್ತಾ?"

ಡ್ರಮ್ಮಿನವನು ಬಾಗಿಲ ತನಕ ಗಿಟಾರಿನ ಪೆಟ್ಟಿಗೆ ಹೊತ್ತುಕೊಂಡು ಬಂದ. ಅಲ್ಲಿಂದ ಬ್ಯಾಲೆನ್ಸು ಹೊತ್ತ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಬಿಸಿಲು ನೇರ ಮುಖಕ್ಕೇ ಹೊಡೆಯುತ್ತಿತ್ತು. ಬ್ಯಾಲೆನ್ಸು ಜೇಬಿನಲ್ಲಿ ಕೈ ಹಾಕಿ ಸೀಸದ ತುಂಡುಗಳನ್ನು ಹಿಸುಕುತ್ತಿದ್ದ. ಗೋಂದಿಗೆ ಜೇಬಿನ ಕಸ, ಹಳೇ ಟಿಕೆಟ್ಟಿನ ಚೂರು ಎಲ್ಲ ಮೆತ್ತಿಕೊಂಡಿತ್ತು.

"ತಪ್ಪು ನಂದೇ ಅಕ್ಕ. ನಾನು ಕೈ ಹಾಕಬಾರದಿತ್ತು."

"ನೀನು ಕೈ ಹಾಕಿದರೇನು, ಬಿಟ್ಟರೇನು? ಎರಡು ಸಲವೂ ಚೆನ್ನಾಗಿತ್ತಂತಲ್ಲ."

ಒಂದು ಬಸ್ಸು ಬಂತು, ಅವರದ್ದಲ್ಲ, ಹೋಯಿತು.

"ನಿನಗೆ ಕೇಳಿಸ್ತೇನೋ? ಮೊದಲನೇ ಸಲ?"

"ಕೇಳಿಸ್ತು."

"ಎರಡನೇ ಸಲ?"

"ಅದೂ ಕೇಳಿಸ್ತು."

"ಟೈರಿನ ಅಂಗಡಿಯವನ ಕಿವಿ ತಗೊಂಡು ನಾನೇನು ಮಾಡ್ಲಿ" ಎಂದಳು ಅಕ್ಕ. ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳುಗಳು ಇನ್ನೂ ನಾಲ್ಕನೇ ಮನೆ ಒತ್ತಿದ ಹಾಗೇ ಮಡಿಸಿಕೊಂಡಿದ್ದವು. ದಣಿದರೆ ಹಾಗೇ ಗಟ್ಟಿಯಾಗಿಬಿಡುತ್ತವೆ, ಒಂದೊಂದಾಗಿ ಬಿಡಿಸಬೇಕು. ಬ್ಯಾಲೆನ್ಸು ಜೇಬಿನಿಂದ ಕೈ ತೆಗೆದು ಅವಳ ಕಿರುಬೆರಳಿನಿಂದ ಶುರು ಮಾಡಿದ.

"ಮೆಲ್ಲಗೆ ಕಣೋ" ಎಂದಳು. "ಚಕ್ರ ಅಲ್ಲ ಅದು."